ನೀಲಿ ಕ್ಲಿಪ್ಪು ಮೊದಲು

ಡಬ್ಬಿಯಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಹದಿನೇಳು ಇದ್ದವು. ಹದಿನಾರು ಕೆಂಪು, ಹಳದಿ. ಒಂದೇ ಒಂದು ನೀಲಿ. ಮಗಳು ಮೊದಲು ನೀಲಿಯನ್ನೇ ಹುಡುಕಿ ತೆಗೆಯುತ್ತಿದ್ದಳು. ಎರಡೂ ಹೆಬ್ಬೆರಳುಗಳಿಂದ ಅದುಮಿ, ಅದರ ಬಾಯಿ ತೆರೆಸಿ, ಸ್ಟೀಲಿನ ಡಬ್ಬಿಯ ಅಂಚಿಗೆ ಕಚ್ಚಿಸುತ್ತಿದ್ದಳು. ಆಮೇಲೆ ಉಳಿದವು, ಯಾವ ಕ್ರಮವೂ ಇಲ್ಲದೆ. ಹದಿನೇಳೂ ಅಂಚಿನ ಸುತ್ತ ನಿಂತ ಮೇಲೆ ಒಂದೊಂದನ್ನೇ ಕಿತ್ತು ಡಬ್ಬಿಯೊಳಗೆ ಹಾಕಬೇಕು. ಹಾಕಿ ಕೀಳಲು ಹನ್ನೊಂದು ನಿಮಿಷ. ಮನಸ್ಸಿದ್ದರೆ ಎರಡು ಸಲ ಆಡುತ್ತಿದ್ದಳು. ಇಪ್ಪತ್ತೆರಡು ನಿಮಿಷ.

ನಿಮಿಷ ಎಣಿಸಲು ಕಾರಣವಿತ್ತು. ಆ ವಾರ ನಾನು ಮಗಳಿಗೆ ಎದೆಹಾಲು ಬಿಡಿಸುತ್ತಿದ್ದೆ.

ಅವಳಿಗೆ ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಮುಂದಿನ ಸೋಮವಾರ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಲು ಸೇರಬೇಕಿತ್ತು. ಹತ್ತರಿಂದ ಎರಡರವರೆಗಿನ ಕೆಲಸ. ಆ ನಾಲ್ಕು ತಾಸು ಮಗಳನ್ನು ನೋಡಿಕೊಳ್ಳಲು ಬಾಜೂ ಮನೆಯ ಕಾಕು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. "ಊಟಾ ಮಾಡಸ್ತೀನಿ, ಆಟಾ ಆಡಸ್ತೀನಿ. ಆದ್ರ ಮಧ್ಯಾಹ್ನ ಮಲಗೂ ಮುಂದ ಹಾಲ ಬೇಕಂತ ಅತ್ರ ನಾ ಏನ ಮಾಡ್ಲಿ? ನನ್ನ ಕಡೆ ಅದಿಲ್ಲಪಾ" ಎಂದು ನಕ್ಕಿದ್ದರು. ಕಾಕುವಿಗೆ ಅರವತ್ತರ ಮೇಲಾಗಿತ್ತು.

ನಾವಿರುವುದು ಖಾಸಬಾಗದಲ್ಲಿ, ಬಾಡಿಗೆಯ ಮನೆ. ನಮ್ಮ ಮಲಗುವ ಕೋಣೆಯ ಗೋಡೆಯ ಆಚೆ ಕಾಕುವಿನ ಮಗ್ಗದ ಶೆಡ್ಡು. ಎರಡು ವಿದ್ಯುತ್ ಮಗ್ಗಗಳು ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆಯವರೆಗೂ ಖಟಕ್ ಖಟಕ್ ಎನ್ನುತ್ತವೆ. ಬಂದ ಹೊಸದರಲ್ಲಿ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಮಗಳು ಹುಟ್ಟಿದ್ದೇ ಆ ಸದ್ದಿಗೆ. ಅದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ. ಮನೆಯ ಮುಂದಿನ ಓಣಿಯನ್ನು ನೀರಿನ ಪೈಪು ಹಾಕಲು ಅಗೆದು ಎರಡು ತಿಂಗಳಾಗಿತ್ತು. ಬಾಗಿಲಿನಿಂದ ಆಚೆ ದಂಡೆಗೆ ಹಲಗೆ ಹಾಕಿಕೊಂಡು ದಾಟುತ್ತಿದ್ದೆವು. ಹಾಗಾಗಿ ಮಗುವನ್ನು ಹೊರಗೆ ಬಿಡುವ ಮಾತೇ ಇರಲಿಲ್ಲ. ಏನು ಆಡಿದರೂ ಎರಡು ಕೋಣೆ, ಒಂದು ಅಡುಗೆಮನೆಯೊಳಗೆ.

ನನ್ನ ಅತ್ತೆಯ ಮನೆ ಖಾನಾಪುರದಲ್ಲಿ. ಅತ್ತೆ, ಮಾವ, ಭಾವ, ಭಾವನ ಹೆಂಡತಿ, ಅವರ ಮೂವರು ಮಕ್ಕಳು ಇರುವ ತುಂಬಿದ ಮನೆ. ಆ ಮನೆತನದಲ್ಲಿ ಹಾಲು ಬಿಡಿಸಲು ಒಂದು ಪದ್ಧತಿ ಇದೆ. ಎರಡು ವರ್ಷವಾದ ಮಗುವನ್ನು ತಾಯಿಯಿಂದ ತೆಗೆದುಕೊಂಡು ಹೋಗಿ ಎಂಟು ದಿನ ಅಜ್ಜಿಯ ಬಳಿ ಇಡುತ್ತಾರೆ. ಆ ಎಂಟು ದಿನ ತಾಯಿ ಮುಖ ತೋರಿಸಬಾರದು. ನನ್ನ ಗಂಡನನ್ನೂ ಹಾಗೇ ಬಿಡಿಸಿದ್ದು, ಭಾವನ ಮೂವರು ಮಕ್ಕಳನ್ನೂ. ಯಾರಿಗೂ ಏನೂ ಆಗಿಲ್ಲ ಎಂಬುದು ಅತ್ತೆಯ ವಾದ. ಅದು ನಿಜವೂ ಹೌದು.

ನನಗೆ ಆಗಿತ್ತು. ನನ್ನನ್ನು ಇದೇ ವಯಸ್ಸಿನಲ್ಲಿ ಕಣಕುಂಬಿಯ ಹತ್ತಿರದ ಅಜ್ಜಿಯ ಊರಿನಲ್ಲಿ ಬಿಟ್ಟಿದ್ದರು. ಎಂಟು ದಿನ ಎಂದದ್ದು ಹದಿನೈದಾಯಿತು. ಅವ್ವ ಕರೆದೊಯ್ಯಲು ಬಂದಾಗ ನಾನು ಅಜ್ಜಿಯ ಸೀರೆಯ ಹಿಂದೆ ಅಡಗಿ, ಇವಳು ಯಾರು ಎಂದು ಕೇಳಿದೆನಂತೆ. ಅದೂ ಮರಾಠಿಯಲ್ಲಿ. ಆ ಊರಿನಲ್ಲಿ ಎಲ್ಲರೂ ಮರಾಠಿಯನ್ನೇ ಆಡುತ್ತಿದ್ದರು. ಹದಿನೈದು ದಿನದಲ್ಲಿ ಅವ್ವನೂ ಹೋಗಿದ್ದಳು, ಕನ್ನಡವೂ ಹೋಗಿತ್ತು. ಅವ್ವ ಈ ಕತೆಯನ್ನು ಪ್ರತಿ ಮದುವೆಯಲ್ಲಿ, ಪ್ರತಿ ಚಹಾದ ಗುಂಪಿನಲ್ಲಿ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ. ನನಗೆ ಆ ಘಟನೆಯ ನೆನಪಿಲ್ಲ. ಕತೆಯ ನೆನಪಷ್ಟೇ ಇದೆ, ಅದೇ ಸಾಕಾಗಿದೆ.

ಆದ್ದರಿಂದ ಅತ್ತೆ ಫೋನು ಮಾಡಿ, "ಬರೂ ರವಿವಾರ ಗಾಡಿ ತಗೊಂಡ ಬರ್ತೀವಿ. ಎಂಟ ದಿನ ಕೂಸಿನ್ನ ನನ್ನ ಕಡೆ ಬಿಡು, ಹಾಲಿನ ನೆನಪ ಹೋಗ್ತದ" ಎಂದಾಗ, ಎಂದೂ ಎದುರು ಮಾತಾಡದ ನಾನು ಮಾತಾಡಿದೆ.

"ಇನ್ನೂ ಆರ ದಿನ ಅದಾವಲ್ರಿ ಅತ್ತಿ. ಅಷ್ಟರಾಗ ನಾ ಮನ್ಯಾಗ ಬಿಡಸ್ತೀನಿ."

"ಮನ್ಯಾಗ? ನೀ ಕಣ್ಣ ಮುಂದ ಇದ್ದಕೊಂಡ? ಅದೇನ ಪೇಢೆ ಅಂಗಡ್ಯಾಗ ಕುಂದರಿಸಿ ಪೇಢೆ ಕೇಳಬ್ಯಾಡ ಅಂದಂಗ ಆತು."

"ಆಟಕ್ಕ ಹಚ್ಚತೀನ್ರಿ. ಕೈ ಖಾಲಿ ಇರದಂಗ ನೋಡ್ಕೋತೀನಿ."

"ನೋಡೂಣು. ರವಿವಾರ ಬರೂದಂತೂ ಖರೇ. ಬಿಟ್ಟಿದ್ರ ಉಂಡು ಹೊಳ್ಳಿ ಬರ್ತೀನಿ. ಬಿಟ್ಟಿರಲಿಲ್ಲ ಅಂದ್ರ ಕೂಸು ನನ್ನ ಕೂಡ ಬರ್ತದ. ಆಮ್ಯಾಲೆ ಅಳಬಾರದು, ಕೂಸೂ ಅಳಬಾರದು, ನೀನೂ ಅಳಬಾರದು."

ಸರಿ ಎಂದೆ. ಅಂದು ಸಂಜೆಯೇ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದೆ. ಎಡಗಡೆ ಸಮಯ, ಬಲಗಡೆ ಆಟ. ಬೆಳಿಗ್ಗೆ ಏಳೂವರೆಯಿಂದ ಸಂಜೆ ಏಳರವರೆಗೆ ಎಲ್ಲೂ ಜಾಗ ಖಾಲಿ ಬಿಡಲಿಲ್ಲ.

ಮೊದಲ ದಿನ ಮಧ್ಯಾಹ್ನದೊಳಗೇ ನೋಟುಬುಕ್ಕಿನ ತಪ್ಪು ಗೊತ್ತಾಯಿತು. ನಲವತ್ತು ನಿಮಿಷ ಎಂದು ಬರೆದ ಆಟ ಆರು ನಿಮಿಷಕ್ಕೆ ಮುಗಿಯುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸುರಿದು ಯಾವ ಮುಚ್ಚಳ ಯಾವ ಡಬ್ಬಿಯದು ಎಂದು ಹೊಂದಿಸಲು ಕೊಟ್ಟೆ. ಅವಳು ಒಂದು ಮುಚ್ಚಳವನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟು, ಆಟ ಮುಗಿಯಿತು ಎಂಬಂತೆ ಎದ್ದು ಹೋದಳು. ಬಕೆಟ್ಟಿನಲ್ಲಿ ಎರಡು ತಂಬಿಗೆ ನೀರು, ಹಳೆಯ ಬಣ್ಣದ ಬ್ರಶ್ಶು ಕೊಟ್ಟು, ಶಹಾಬಾದ್ ಕಲ್ಲಿನ ನೆಲಕ್ಕೆ ನೀರಿನಿಂದ ಚಿತ್ರ ಬರೆಯಲು ಕಲಿಸಿದೆ. ಅದು ಹಿಡಿಸಿತು. ಬರೆದದ್ದು ಒಣಗಿ ಮಾಯವಾಗುತ್ತಿತ್ತು. ಅವಳು "ಹೋತು" ಎಂದು ಕೈ ಬೀಸಿ ಮತ್ತೆ ಬರೆಯುತ್ತಿದ್ದಳು. ಇಪ್ಪತ್ತಾರು ನಿಮಿಷ. ನಾನು ಅದರ ಎದುರು ಚುಕ್ಕೆ ಹಾಕಿದೆ.

ಅಪಾಯ ಇದ್ದದ್ದು ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತಿನಲ್ಲಿ. ಆಗ ಅವಳು ತಲೆ ಎತ್ತುತ್ತಿದ್ದಳು, ಕೋಣೆಯಲ್ಲಿ ನನ್ನನ್ನು ಹುಡುಕುತ್ತಿದ್ದಳು. ಹಾಲಿಗೆ ಅವಳದೇ ಒಂದು ಮಾತಿತ್ತು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಆ ಮಾತು ಬಾಯಿಗೆ ಬರುವ ಮೊದಲೇ ಮುಂದಿನ ಆಟ ಅವಳ ಮುಂದಿರಬೇಕಿತ್ತು. ಇನ್ನೊಂದು ಸಂಗತಿಯೂ ತಿಳಿಯಿತು: ನಾನು ಕೂರುವಂತಿರಲಿಲ್ಲ. ಕೂತರೆ ಮಡಿಲಾಗುತ್ತಿತ್ತು, ಮಡಿಲಾದರೆ ಅವಳು ಬರುತ್ತಿದ್ದಳು. ನಿಂತವಳಿಗೆ ಮಡಿಲಿಲ್ಲ. ಆ ಆರು ದಿನ ನಾನು ಹೆಚ್ಚುಕಡಿಮೆ ನಿಂತೇ ಇದ್ದೆ. ನಿಂತು ಉಂಡೆ, ನಿಂತು ಚಹಾ ಕುಡಿದೆ, ಗೋಡೆಗೆ ಒರಗಿ ಶೇಂಗಾ ಸುಲಿದೆ. ಕೋಣೆಯಿಂದ ಅಡುಗೆಮನೆಗೆ ಹದಿಮೂರು ಹೆಜ್ಜೆ, ಅಡುಗೆಮನೆಯಿಂದ ಬಾಗಿಲಿಗೆ ಒಂಬತ್ತು.

ಕಾಕು ಮಧ್ಯಾಹ್ನ ಚಹಾದ ಹೊತ್ತಿಗೆ ಬಂದವರು ಗೋಡೆಗೆ ನೇತುಹಾಕಿದ ನೋಟುಬುಕ್ಕನ್ನು ನೋಡಿದರು. ಪಾಠ ಮಾಡುವವಳೆಂದು ಅವರು ನನ್ನನ್ನು ಬಾಯಾರ ಎನ್ನುತ್ತಾರೆ.

"ಬಾಯಾರ, ಕೂಸಿಗೂ ಟೈಮ್ ಟೇಬಲ್ ಹಾಕೀರೇನ? ಪರೀಕ್ಷಾ ಯಾವಾಗ?"

"ರವಿವಾರ ಅದರಿ ಕಾಕು."

"ಹಂಗಾರ ಪಾಸ್ ಆಗೂದು ಕೂಸೋ, ನೀವೋ?"

ನಗುತ್ತ ಹೋದವರು ಹೊಳ್ಳಿ ಬಂದು ಒಂದು ಚೀಲದ ತುಂಬ ಖಾಲಿ ಕೋನುಗಳನ್ನು ಸುರಿದರು. ನೂಲು ಸುತ್ತಿ ಬರುವ ಪ್ಲಾಸ್ಟಿಕ್ಕಿನ ಕೋನುಗಳು, ಗುಲಾಬಿ, ಹಸಿರು. ಒಂದರ ಮೇಲೊಂದು ಇಟ್ಟರೆ ಮಗಳ ಎತ್ತರವಾಗುತ್ತಿದ್ದವು. ಅವಳು ಕಟ್ಟುವುದಕ್ಕಿಂತ ಕೆಡವುವುದನ್ನು ಹೆಚ್ಚು ಇಷ್ಟಪಟ್ಟಳು. ಕಟ್ಟುವುದು ನನ್ನ ಕೆಲಸವಾಯಿತು.

ಮಂಗಳವಾರ ಕಾಕುವಿನ ಮಾತಿನಂತೆ ಬೇವಿನ ಎಲೆ ಅರೆದು ಹಚ್ಚಿಕೊಂಡೆ. "ಒಂದ ಸಲ ಕಹಿ ಹತ್ತಿತಂದ್ರ ಮತ್ತ ಆ ದಿಕ್ಕಿಗೆ ನೋಡೂದಿಲ್ಲ" ಎಂದಿದ್ದರು. ಮಗಳು ಬಾಯಿ ಇಟ್ಟಳು. ಮುಖ ಕಿವುಚಿದಳು. ಕಣ್ಣು ಮುಚ್ಚಿ ತೆರೆದಳು. ನಾನು ಅಳುವಿಗೆ ಕಾಯುತ್ತಿದ್ದೆ. ಅವಳು ಅಳಲಿಲ್ಲ. ಬಲಗೈಯನ್ನು ಬಿಡಿಸಿ ನನ್ನ ಮುಂದೆ ಚಾಚಿದಳು.

ಏನು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಯುಗಾದಿಗೆ ಖಾನಾಪುರಕ್ಕೆ ಹೋದಾಗ ಅತ್ತೆ ಇವಳ ನಾಲಗೆಗೆ ಒಂದು ಬೇವಿನ ಎಸಳು ಮುಟ್ಟಿಸಿ, ಅಳು ಬರುವ ಮೊದಲೇ ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟಿದ್ದರು. ಇವಳು ನಕ್ಕಿದ್ದಳೆಂದು ಮನೆಮಂದಿಯೆಲ್ಲ ಸರದಿಯಲ್ಲಿ ಬೇವು ಮುಟ್ಟಿಸಿದ್ದರು, ಸರದಿಯಲ್ಲಿ ಬೆಲ್ಲ ಕೊಟ್ಟಿದ್ದರು. ಕಹಿಯಾದ ಮೇಲೆ ಕೈ ಚಾಚಬೇಕು ಎಂದು ಅವಳು ಅಂದೇ ಕಲಿತಿದ್ದಳು. ಈಗಲೂ ಕೈ ಚಾಚಿ ಕೂತಿದ್ದಳು. ನಾನು ಬೆಲ್ಲ ಕೊಟ್ಟೆ. ಬೆಲ್ಲ ತಿಂದು, ತನ್ನ ಫ್ರಾಕಿನ ಅಂಚಿನಿಂದ ಬೇವನ್ನು ಶಿಸ್ತಾಗಿ ಒರೆಸಿ, ಮತ್ತೆ ಕುಡಿದಳು.

ಆ ದಿನ ನೋಟುಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಸಂಜೆ ಗಂಡ ಆಫೀಸಿನಿಂದ ಬಂದಾಗ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ನಾ ಯಾರ ಕಡೆ ಇರಬೇಕು, ಅದನ್ನರ ಹೇಳು" ಎಂದರು. ಮಗಳ ಕಡೆ ಇರಿ ಎಂದೆ. ಆ ವಾರ ಅವಳನ್ನು ಮಲಗಿಸುವುದು, ನಡುವೆ ಎದ್ದರೆ ಎತ್ತಿಕೊಂಡು ತಿರುಗುವುದು ಅವರದಾಯಿತು. ರಾತ್ರಿಗಳ ಬಗ್ಗೆ ಅಷ್ಟೇ ಸಾಕು.

ಬುಧವಾರ ಕೆಟ್ಟ ದಿನ. ಅವಳು ಹನ್ನೆರಡಕ್ಕೆ ಅಳಲು ಶುರು ಮಾಡಿದವಳು ಒಂದೂವರೆಯವರೆಗೆ ಅತ್ತಳು. ಕೋನು ಎಸೆದಳು, ಬ್ರಶ್ಶು ಎಸೆದಳು, ಕ್ಲಿಪ್ಪಿನ ಡಬ್ಬಿಯನ್ನು ತಲೆಕೆಳಗು ಮಾಡಿದಳು. ನಾನು ಹದಿಮೂರು ಹೆಜ್ಜೆ ಆಚೆ, ಹದಿಮೂರು ಈಚೆ. ನನ್ನ ಕುಪ್ಪಸ ಒದ್ದೆಯಾಗಿತ್ತು. ಅವಳ ಅಳು ಕೇಳಿದರೆ ಹಾಲು ತಾನಾಗಿ ಸುರಿಯುತ್ತದೆ, ಅದಕ್ಕೆ ನೋಟುಬುಕ್ಕು ಗೊತ್ತಿಲ್ಲ. ಕೊನೆಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಮಲಗುವ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮಗ್ಗದ ನಡುಕ ಗೋಡೆಯಿಂದ ನನ್ನ ಬೆನ್ನಿಗೆ, ನನ್ನಿಂದ ಅವಳಿಗೆ ಬರುತ್ತಿತ್ತು. ಖಟಕ್ ಖಟಕ್. ಅವಳು ನಿದ್ದೆ ಹೋದಳು. ಹಾಲಿಲ್ಲದೆ ಹಗಲು ಮಲಗಿದ್ದು ಅದೇ ಮೊದಲು. ನಾನು ಮುಕ್ಕಾಲು ಗಂಟೆ ಹಾಗೇ ನಿಂತಿದ್ದೆ.

ಗುರುವಾರ ಅವಳು ಕೇಳಲಿಲ್ಲ.

ಬೆಳಿಗ್ಗೆ ಎದ್ದವಳು ನೇರವಾಗಿ ಡಬ್ಬಿಯ ಬಳಿ ಹೋದಳು. ನೀಲಿ ಕ್ಲಿಪ್ಪು ಮೊದಲು, ಆಮೇಲೆ ಉಳಿದವು. ತಿಂಡಿ ತಿಂದಳು. ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡಿದೆ, ಅವಳು ಕಂಡಕ್ಟರು. ಹರಿದ ಕಾಗದದ ಚೂರುಗಳನ್ನು ಕೋನುಗಳಿಗೆಲ್ಲ ಟಿಕೀಟೆಂದು ಕೊಟ್ಟು, "ರೈಟ್" ಎಂದು ಕೂಗಿದಳು. ನನಗೂ ಒಂದು ಟಿಕೀಟು ಕೊಟ್ಟಳು. "ಕುಂದರು" ಎಂದು ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ, ಬಸ್ಸು ತುಂಬಿದೆ, ನಿಂತು ಬರುತ್ತೇನೆ ಎಂದೆ. ಮಧ್ಯಾಹ್ನ ಗೋಡೆಗೆ ಒತ್ತಿ ಹಾಸಿದ ಹಾಸಿಗೆಯಲ್ಲಿ ಮಲಗಿ, ಕೈಯಲ್ಲಿ ಒಂದು ಹಸಿರು ಕೋನು ಹಿಡಿದು, ಮಗ್ಗದ ಸದ್ದಿಗೆ ತುಟಿ ಆಡಿಸುತ್ತ ನಿದ್ದೆ ಹೋದಳು. ಶುಕ್ರವಾರವೂ ಹಾಗೇ. ಕಾಕು ಬಂದು ನೋಡಿ, "ಅಬಾಬಾ! ಬಾಯಾರ ಗೆದ್ರಿ" ಎಂದರು. ಅತ್ತೆಗೆ ಫೋನಿನಲ್ಲಿ ಹೇಳಿದಾಗ, "ಹೌದಾ? ಭಾಳ ಚಲೋ ಆತು" ಎಂದರು. ದನಿಯಲ್ಲಿ ಸೋತ ಬೇಸರ ಇರಲಿಲ್ಲ. ನನಗೆ ಅದು ಆಗ ಮುಖ್ಯವೆನಿಸಲಿಲ್ಲ.

ಗೆದ್ದವಳಿಗೆ ಕೂರಲು ಆಗಬೇಕಿತ್ತು. ಆಗಲಿಲ್ಲ. ಶುಕ್ರವಾರ ಸಂಜೆ ಬೇಕೆಂದೇ ಅವಳ ಎದುರು ನೆಲದ ಮೇಲೆ ಕೂತೆ, ಮಡಿಲು ಬಿಟ್ಟುಕೊಂಡು. ಅವಳು ಕೋನು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಐದು ನಿಮಿಷ ಕಳೆಯಿತು. ಒಂದು ಕೋನು ಉರುಳಿ ನನ್ನ ಕಾಲಿನ ಬಳಿ ಬಂತು. ಅವಳು ಬಂದಳು, ಕೋನು ತೆಗೆದುಕೊಂಡಳು, ಹೋದಳು. ಎದೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿತ್ತು. ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಶನಿವಾರ ಹನ್ನೆರಡೂವರೆಗೆ ವಿದ್ಯುತ್ತು ಹೋಯಿತು. ಲೈನಿನ ಕೆಲಸ, ನಾಲ್ಕರವರೆಗೆ ಬರುವುದಿಲ್ಲ ಎಂದು ಕಾಕು ಕಿಟಕಿಯಿಂದ ಹೇಳಿದರು. ಮಗ್ಗಗಳು ನಿಂತವು. ಸದ್ದು ಹೋದ ಮೇಲೆ ಮನೆ ಬೇರೆ ಯಾರದೋ ಮನೆಯಂತೆ ಆಯಿತು. ನಲ್ಲಿಯ ಹನಿ ಕೇಳುತ್ತಿತ್ತು. ಓಣಿಯಲ್ಲಿ ಪೈಪಿನ ಕೆಲಸದವರು ಮಾತಾಡುವುದು ಒಂದೊಂದು ಅಕ್ಷರವೂ ಕೇಳುತ್ತಿತ್ತು. ಮಲಗುವ ಹೊತ್ತು. ಸದ್ದಿಲ್ಲದೆ ಅವಳು ಮಲಗುವುದಿಲ್ಲ, ಕೇಳಿಯೇ ಕೇಳುತ್ತಾಳೆ ಎಂದುಕೊಂಡೆ. ಏನು ಆಟ ಕೊಡಬೇಕೆಂದು ನೋಟುಬುಕ್ಕು ತಿರುವಿ ಹಾಕಿದೆ.

ಅವಳು ಹಾಸಿಗೆಯಲ್ಲಿ ಅಂಗಾತ ಮಲಗಿದ್ದಳು. ಮೇಲೆ ನಿಂತ ಫ್ಯಾನನ್ನು ಸ್ವಲ್ಪ ಹೊತ್ತು ನೋಡಿದಳು. ಗೋಡೆಗೆ ಕೈ ಇಟ್ಟು ನೋಡಿದಳು, ನಡುಕವಿರಲಿಲ್ಲ. "ಹೋತು" ಎಂದಳು. ಆಮೇಲೆ ಗೋಡೆಯ ಕಡೆ ಮಗ್ಗುಲಾಗಿ, ತನ್ನ ಬೆರಳಿನಿಂದ ಕೋನನ್ನು ತಾನೇ ಟಕ್ ಟಕ್ ಎಂದು ಬಡಿಯುತ್ತ ಕಣ್ಣು ಮುಚ್ಚಿದಳು. ನಾನು ಬೇಕಾಗಲಿಲ್ಲ. ಮಗ್ಗವೂ ಬೇಕಾಗಲಿಲ್ಲ.

ಮುಂದೆ ಮಾಡಿದ್ದನ್ನು ಬರೆಯುವುದು ಕಷ್ಟ, ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಬರೆದು ಉಪಯೋಗವಿಲ್ಲ. ನಾನು ಅವಳ ಪಕ್ಕ ಮಲಗಿದೆ. ಅವಳನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವಳು ಕೇಳಿರಲಿಲ್ಲ. ಅರ್ಧ ನಿದ್ದೆಯಲ್ಲಿದ್ದಳು. ಕೊಟ್ಟೆ. ಕ್ಷಣಕಾಲ ಅವಳಿಗೆ ಏನೆಂದು ತಿಳಿಯಲಿಲ್ಲ. ತುಟಿ ಮರೆತಿತ್ತೇನೋ ಎಂದು ನನ್ನ ಜೀವ ಹೋದಂತಾಯಿತು. ಆಮೇಲೆ ತಿಳಿಯಿತು.

ನೋಟುಬುಕ್ಕಿನಲ್ಲಿ ಶನಿವಾರದ ಆ ಸಾಲು ಖಾಲಿ ಇದೆ.

ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ಅವಳು ಕೇಳಿದಳು. ಡಬ್ಬಿ ಕೊಟ್ಟೆ, ತಳ್ಳಿದಳು. ನೀರು, ಬ್ರಶ್ಶು ಕೊಟ್ಟೆ, ತಳ್ಳಿದಳು. ಗಂಡ ಎತ್ತಿಕೊಂಡು ಕಿಟಕಿಯಲ್ಲಿ ಪೈಪಿನ ಗುಂಡಿ ತೋರಿಸಿದರು. ನಿನ್ನೆಯದನ್ನು ನಾನು ಅವರಿಗೂ ಹೇಳಿರಲಿಲ್ಲ. "ಏನಾತ ಒಮ್ಮಿಂದೊಮ್ಮೆಲೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಹನ್ನೊಂದಕ್ಕೆ ಓಣಿಯ ತುದಿಯಲ್ಲಿ ಭಾವನ ಕಾರು ನಿಂತಿತು. ಅತ್ತೆ ಹಣೆಯ ತುಂಬ ವಿಭೂತಿ ಹಚ್ಚಿ, ಕೈಯಲ್ಲೊಂದು ದೊಡ್ಡ ಚೀಲ ಹಿಡಿದು ಹಲಗೆಯ ಬಳಿ ಬಂದರು. ಭಾವ ಚೀಲ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

"ಬರ್ರಿ ಅತ್ತಿ, ಸಾವಕಾಶ" ಎಂದು ಕೈ ಚಾಚಿದೆ.

"ಸಾವಕಾಶ ಏನ್ ಬರ್ಲಿ? ಸೊಸಿ ನೋಡಾಕ ಬಂದೀನೋ, ಸರ್ಕಸ್ ಮಾಡಾಕ ಬಂದೀನೋ ತಿಳೀವಲ್ದು" ಎನ್ನುತ್ತ ದಾಟಿದರು. ಕಾಕು ತಮ್ಮ ಬಾಗಿಲಿನಿಂದಲೇ, "ಅಜ್ಜಿ, ಟಿಕೀಟ ಇಟ್ರ ನಾವೂ ನೋಡಾಕ ಬರ್ತೀವ್ರಿ" ಎಂದರು.

ಊಟಕ್ಕೆ ಕೂತೆವು. ಆರು ದಿನದ ನಂತರ ನಾನು ನೆಲದ ಮೇಲೆ ಕೂತು ಉಂಡದ್ದು. ಭಾವ ಮಜ್ಜಿಗೆ ಕೇಳಿದರು. ಬಡಿಸಿ ಹೊಳ್ಳಿ ಕೂರುವಷ್ಟರಲ್ಲಿ ಮಗಳು ಬಂದು ಮಡಿಲೇರಿ, ಸೆರಗು ಜಗ್ಗಿ, ಆ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಭಾವ ತಟ್ಟೆ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದರು. ಗಂಡನೂ ಎದ್ದರು.

ಅತ್ತೆ ರೊಟ್ಟಿ ಮುರಿಯುತ್ತ ಹೇಳಿದರು: "ಬಿಟ್ಟದ ಅಂದಿದ್ದಿ."

"ಬಿಟ್ಟಿದ್ಲರಿ. ಗುರುವಾರದಿಂದ ಕೇಳಿರಲಿಲ್ಲ."

"ಮತ್ತ ಇದೇನು?"

ಸುಳ್ಳು ಹೇಳಬಹುದಿತ್ತು. ಹಲ್ಲು ಬರುತ್ತಿದೆ, ನೆಗಡಿಯಾಗಿದೆ ಎನ್ನಬಹುದಿತ್ತು. "ನಿನ್ನೆ ಮಧ್ಯಾಹ್ನ ನಾನ ಕೊಟ್ಟೆ ಅತ್ತಿ. ಆಕಿ ಕೇಳಿರಲಿಲ್ಲ" ಎಂದೆ.

ಅತ್ತೆ ನನ್ನನ್ನು ನೋಡಿದರು. ಅವರು ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನಕ್ಕರು, ರೊಟ್ಟಿಯ ಚೂರು ಗಂಟಲಿಗೆ ಹತ್ತಿ ಕೆಮ್ಮುವಷ್ಟು. ನೀರು ಕುಡಿದು ಹೇಳಿದರು: "ಖರೇ? ಹಂಗಾರ ಬಿಡಸಬೇಕಾದ್ದು ಕೂಸಿಗಲ್ಲವ್ವಾ, ನಿನಗ."

ಒಳಗೆ ಹೋಗಿ ಮಗಳ ಬಟ್ಟೆ ಮಡಚಲು ಶುರು ಮಾಡಿದೆ. ಮಾತು ಮಾತೇ, ಸೋತಿದ್ದೆ. ನಾಲ್ಕು ಫ್ರಾಕು, ಆರು ಚಡ್ಡಿ, ಹಸಿರು ಕೋನು. ಕ್ಲಿಪ್ಪಿನ ಡಬ್ಬಿಯನ್ನೂ ಇಡಬೇಕೋ ಬೇಡವೋ ಎಂದು ಕೈಯಲ್ಲಿ ಹಿಡಿದು ನಿಂತಿದ್ದಾಗ ಅತ್ತೆ ಬಾಗಿಲಿಗೆ ಬಂದರು.

"ಏನ್ ಮಾಡಾಕತ್ತೀದಿ?"

"ಕೂಸಿನ ಅರಿವಿ ಇಡಾಕತ್ತೀನ್ರಿ."

"ಅದರ ಅರಿವಿ ತಗೊಂಡ ನೀ ಏನ ಮಾಡ್ತಿ? ನಿನ್ನ ಸೀರಿ ಇಡು."

ನನಗೆ ಅರ್ಥವಾಗಲಿಲ್ಲ. ಅತ್ತೆ ಹಾಸಿಗೆಯ ಮೇಲೆ ಕೂತರು. "ಎಂಟ ದಿನ ತಾಯಿ ಮಾರಿ ಕಾಣಬಾರದು, ಅಷ್ಟ ನಮ್ಮ ಪದ್ಧತಿ. ಕೂಸು ಹೋದ್ರೇನು, ತಾಯಿ ಹೋದ್ರೇನು? ಗಾಡಿ ಹೆಂಗೂ ಬಂದದ. ನೀ ಹೋಗು ಖಾನಾಪುರಕ್ಕ. ಅಲ್ಲಿ ನಿನ್ನ ನೆಗೆಣ್ಣಿ ಅದಾಳ, ಬುತ್ತಿ ಕಟ್ಟಿ ಕೊಡ್ತಾಳ, ಬಸ್ಸಿಗೆ ಕಾಲೇಜಿಗೆ ಬಂದು ಹೋಗು. ನಾ ಇಲ್ಲಿರ್ತೀನಿ."

"ನಿಮಗ ತ್ರಾಸ ಆಗ್ತದಲ್ರಿ ಅತ್ತಿ, ಈ ಮಗ್ಗದ ಸಪ್ಪಳ..."

"ನನಗ ಕಿವಿ ಅಷ್ಟಕ್ಕಷ್ಟ. ಮಗ್ಗಕ್ಕ ಅಂಜಲೇನ?" ಎಂದವರು ದನಿ ತಗ್ಗಿಸಿದರು. "ನಿಮ್ಮವ್ವ ನಿನ್ನ ಮದುವ್ಯಾಗ ಆ ಕಣಕುಂಬಿ ಕತಿ ಹೇಳಿ ಎಲ್ಲಾರ್ನೂ ನಗಿಸಿದ್ಲು. ನೀ ನಕ್ಕಿರಲಿಲ್ಲ. ನಾ ಬಾಜೂಕ ಕುಂತಿದ್ನಿ, ನೋಡೀನಿ."

ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಪರ ಊರಾಗ ಬಿಟ್ಟ ಕೂಸು ಹೊಸದರಾಗ ಹಳೇದು ಮರೀತದ. ತನ್ನ ಮನ್ಯಾಗ ಇದ್ದ ಕೂಸು ಬಾಗಲಾ ನೋಡತಿರ್ತದ. ಅಳ್ತದ, ಅದನ್ನ ನಾ ಸುಳ್ಳ ಹೇಳೂದಿಲ್ಲ. ಆದ್ರ ಬಾಗಲಾ ನೋಡತಿರ್ತದ." ಎದ್ದು ಸೀರೆ ಕೊಡವಿದರು. "ಆದ್ರ ಎಂಟ ದಿನ ಈ ಹೊಸ್ತಿಲಾ ದಾಟಬ್ಯಾಡ. ನಿನ್ನ ಮ್ಯಾಲೆ ನನಗ ನಂಬಿಕಿಲ್ಲ."

ಹೊರಡುವ ಮೊದಲು ಅವರ ದೊಡ್ಡ ಚೀಲವನ್ನು ಒಳಗಿಡಲು ಎತ್ತಿದೆ. ಕೈ ಜಗ್ಗುವಷ್ಟು ಭಾರ. ಮೇಲೆ ಅವರ ನಾಲ್ಕು ಸೀರೆ. ಕೆಳಗೆ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಕೆಂಪು ಮಣ್ಣಿನ ಮುದ್ದೆ, ಖಾನಾಪುರದ ಕುಂಬಾರರ ಮನೆಯದು, ಹದ ಮಾಡಿದ್ದು. ಮಗುವನ್ನು ಕರೆದೊಯ್ಯಲು ಬಂದವರು ಆಟದ ಮಣ್ಣನ್ನು ಇಲ್ಲಿಯವರೆಗೆ ಯಾಕೆ ಹೊತ್ತು ತಂದರು, ಉಂಡು ಹೊಳ್ಳಿ ಹೋಗುವವರಿಗೆ ನಾಲ್ಕು ಸೀರೆ ಯಾಕೆ ಬೇಕಿತ್ತು? ಕೇಳಲಿಲ್ಲ.

ಮಗಳು ಅಷ್ಟರಲ್ಲಿ ನನ್ನ ಸೆರಗಿನ ಅಂಚನ್ನು ಹಿಡಿದು ಏನೋ ಮಾಡುತ್ತಿದ್ದಳು. ಎತ್ತಿಕೊಳ್ಳಲು ಬಗ್ಗಿದೆ, ಅತ್ತೆ ಕಣ್ಣಿನಲ್ಲೇ ಬೇಡವೆಂದರು. ಅತ್ತೆ ಗೋಣಿತಟ್ಟು ಬಿಚ್ಚುವುದನ್ನು ಕಂಡು ಅವಳು ಆ ಕಡೆ ಓಡಿದಳು. ನಾನು ಹಲಗೆ ದಾಟಿದೆ. ತಿರುಗಿ ನೋಡಿದಾಗ ಬಾಗಿಲಿನಲ್ಲಿ ಗಂಡ ಒಬ್ಬರೇ ನಿಂತಿದ್ದರು.

ಖಾನಾಪುರ ತಲುಪಿ ಕಾರಿನಿಂದ ಇಳಿಯುವಾಗ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, "ಏನ್ರಿ ಇದು, ಒಗದ ಸೀರಿ ಒಣಗೂದರಾಗ ಉಟಗೊಂಡ ಬಂದೀರೇನ?" ಎಂದು ನಕ್ಕಳು. ನೋಡಿದರೆ ಸೆರಗಿನ ಅಂಚಿನಲ್ಲಿ ನೀಲಿ ಕ್ಲಿಪ್ಪು ಕಚ್ಚಿಕೊಂಡಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಬಚ್ಚಲಿನಲ್ಲಿ ನೋವು ತಡೆಯುವಷ್ಟು ಹಾಲು ಹಿಂಡಿ ಚೆಲ್ಲಿದೆ. ಸ್ನಾನ ಮಾಡಿ, ನೆಗೆಣ್ಣಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಏಳರ ಬಸ್ಸು ಹತ್ತಿದೆ. ಸೀಟು ಖಾಲಿ ಇತ್ತು. ಕಂಡಕ್ಟರು "ಕುಂದರ್ರಿ" ಎಂದರು. ಸ್ವಲ್ಪ ದೂರ ನಿಂತೇ ಬಂದೆ, ಆಮೇಲೆ ಕೂತೆ. ಬೆಳಗಾವಿಯಲ್ಲಿ ಇಳಿದು ಕಾಲೇಜಿನ ದಿಕ್ಕಿಗೆ ಹೋಗದೆ ಖಾಸಬಾಗಕ್ಕೆ ಆಟೋ ಹಿಡಿದೆ. ನಮ್ಮ ಓಣಿಗೆ ಹೋಗಲಿಲ್ಲ. ಹಿಂದಿನ ಓಣಿಯಿಂದ ಕಾಕುವಿನ ಶೆಡ್ಡಿನೊಳಗೆ ಹೋದೆ. ಅದು ನಮ್ಮ ಹೊಸ್ತಿಲಲ್ಲ.

ಎರಡೂ ಮಗ್ಗಗಳು ಓಡುತ್ತಿದ್ದವು. ಕಾಕು ನನ್ನನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡು, ಹತ್ತಿರ ಬಂದು ಕಿವಿಯಲ್ಲಿ ಕೂಗಿದರು. "ಬಾಯಾರ, ಒಂದ ದಿನಕ್ಕ ಬಂದ್ರೇನ್ರಿ?"

"ಹೆಂಗ ಅದರಿ ಕೂಸು?"

"ಎದ್ದ ಕೂಡ್ಲೇ ಬಾಗಲಾ ಬಡದು ಅವ್ವಾ ಅವ್ವಾ ಅಂತ ಒದರಿತು. ಈಗ ಸುಮ್ಮ ಆಗೇದ. ಅಜ್ಜಿ ಕೂಡ ಮಣ್ಣಾಗ ಕುಂತದ, ಇಬ್ಬರೂ ಮೊಣಕೈತನಾ ಕೆಂಪು. ಒಂದ ಅಂದ್ರ, ಆ ಕ್ಲಿಪ್ಪಿನ ಡಬ್ಬಿ ಕೊಟ್ರ ಎಲ್ಲಾ ಚೆಲ್ಲಿ ಏನೋ ಹುಡಕ್ತದಂತ. ಏನಂತ ಅಜ್ಜಿಗೆ ತಿಳೀವಲ್ದು."

ಮಗ್ಗ ನಿಲ್ಲಿಸಲೇ, ಗೋಡೆಗೆ ಕಿವಿ ಇಟ್ಟರೆ ಕೇಳುತ್ತದೆ ಎಂದು ಕಾಕು ಸ್ವಿಚ್ಚಿನ ಕಡೆ ಹೋದರು. ಬೇಡ ಎಂದು ಅವರ ಕೈ ಹಿಡಿದೆ. ಗೋಡೆಗೆ ಅಂಗೈ ಇಟ್ಟೆ. ನಡುಕವಷ್ಟೇ ಇತ್ತು. ಚೀಲದಿಂದ ನೀಲಿ ಕ್ಲಿಪ್ಪನ್ನು ತೆಗೆದು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಇದು ನನ್ನ ಬಳಿ ಇರುವಷ್ಟು ದಿನ ಅವಳು ಹುಡುಕುತ್ತಾಳೆ ಎಂಬ ಯೋಚನೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದನ್ನು ಕಾಕುವಿನ ಕೈಯಲ್ಲಿಟ್ಟು, ಡಬ್ಬಿಯೊಳಗೆ ಹಾಕಿಬಿಡಿ, ಯಾರು ತಂದರೆಂದು ಹೇಳಬೇಡಿ ಎಂದೆ. ಹಿಂದಿನ ಓಣಿಯಿಂದಲೇ ಹೊರಬಿದ್ದು, ಹತ್ತಕ್ಕೆ ಐದು ನಿಮಿಷವಿರುವಾಗ ಕಾಲೇಜಿನಲ್ಲಿ ಸಹಿ ಮಾಡಿದೆ.